ಹೆಬ್ಬೆಟ್ಟು ಯಾರದು, ಡೀಸೆಲ್ ಯಾರದು?

ಅಕ್ಕಾ, ನನಗೆ 31 ವರ್ಷ. ಅಂಕೋಲೆ ಕಡೆಯ ಹಾಲಕ್ಕಿ ಮನೆಯವಳು. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಆರು ವರ್ಷ ದುಡಿದೆ. ಅಮ್ಮನಿಗೆ ಹುಷಾರಿಲ್ಲ ಅಂತ ವಾಪಸ್ ಬಂದೆ. ಈಗ ಒಂದೂವರೆ ವರ್ಷದಿಂದ ಯಲ್ಲಾಪುರದಲ್ಲಿದ್ದೇನೆ. ಸಿದ್ದಿ ಕೇರಿಗಳಿಗೆ ಜೀಪಿನಲ್ಲಿ ಹೋಗಿ ಚಿಕಿತ್ಸೆ ಕೊಡುವ ಒಂದು ಸಂಸ್ಥೆಯಲ್ಲಿ ಅಕೌಂಟ್ಸ್ ಅನಲಿಸ್ಟ್. ಹೆಸರು ದೊಡ್ಡದು. ವೋಚರ್ ಬರೆಯುವುದರಿಂದ ಹಿಡಿದು ಆಡಿಟರ್‌ಗೆ ಚಹಾ ತರಿಸುವವರೆಗೆ ಎಲ್ಲಾ ನಾನೇ.

ಒಂದು ಕಂಪನಿ ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ದುಡ್ಡಿನಲ್ಲಿ ಕೆಲಸ ನಡೆಯುತ್ತದೆ. ಕೇರಿಯ ಹೆಂಗಸರ ಆರೋಗ್ಯ ತರಬೇತಿಗೆ ಇಟ್ಟ ಹಣದಲ್ಲಿ 1,84,000 ರೂಪಾಯಿ ಹಾಗೇ ಉಳಿದಿದೆ. ಮಳೆಗಾಲದಲ್ಲಿ ಆಗಲಿಲ್ಲ, ಆಮೇಲೆ ಅಡಿಕೆ ಕೊಯ್ಲು, ಕೂಲಿ ಬಿಟ್ಟು ಯಾರೂ ಬರಲಿಲ್ಲ. ಡೀಸೆಲ್‌ಗೆ ಇಟ್ಟದ್ದು ಡಿಸೆಂಬರಿನಲ್ಲೇ ಖಾಲಿ. ಬಂಕಿನಲ್ಲಿ 1,36,000 ಉದ್ರಿ ನಿಂತಿದೆ. ತಲಾ 60 ಹೆಂಗಸರ ಎರಡು ತರಬೇತಿ ಆಯಿತು ಅಂತ ವೋಚರ್ ಮಾಡು, ಆ ದುಡ್ಡು ಬಂಕಿಗೆ ಕೊಡೋಣ ಅಂತಾರೆ ನಮ್ಮ ಡಾಕ್ಟರು. ಹೆಸರುಗಳನ್ನು ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ತಪಾಸಣೆ ರಿಜಿಸ್ಟರಿನಿಂದ ತೆಗೆದುಕೊಳ್ಳಬೇಕಂತೆ. ಹೆಬ್ಬೆಟ್ಟನ್ನು ಮುಂದಿನ ವಾರ ಅವರೇ ಹಾಕಿಸಿಕೊಂಡು ಬರುತ್ತಾರಂತೆ. ನಮ್ಮಜ್ಜಿಯೂ ಹೆಬ್ಬೆಟ್ಟಿನವಳೇ ಅಕ್ಕಾ, ಅದಕ್ಕೇ ಕೈ ಬರುತ್ತಿಲ್ಲ.

ಡಾಕ್ಟರು ದೇವರಂಥ ಮನುಷ್ಯ, ಒಂದು ರೂಪಾಯಿ ತಿಂದವರಲ್ಲ. ನಾನು ಆಗಲ್ಲ ಅಂದಿದ್ದಕ್ಕೆ "ನೀನು ಫ್ಯಾನಿನ ಕೆಳಗೆ ಕೂತವಳು, ಹೆರಿಗೆ ನೋವು ತಿನ್ನುವವರು ನಿನಗೆ ಕಾಣುವುದಿಲ್ಲ" ಅಂದರು. ಗಂಡ "ಯಾರಪ್ಪನ ಮನೆ ಗಂಟು, ಸುಮ್ನೆ ಹಾಕು" ಅನ್ನುತ್ತಾರೆ. ಮಾರ್ಚ್ ಮುಗಿಯಲು ಎರಡು ವಾರ ಇದೆ. ಹಾಕಲಾ, ಕೆಲಸ ಬಿಡಲಾ?

— ಯಲ್ಲಾಪುರದಿಂದ ಒಬ್ಬಳು

*

ತಂಗೀ,

ನನ್ನ ಮಗಳ ಓರಗೆಯವಳು ನೀನು. ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಎರಡೂ ಬೇಡ. ವೋಚರ್ ಹಾಕಬೇಡ. ಕೆಲಸವನ್ನೂ ಈಗಲೇ ಬಿಡಬೇಡ.

ಕಾಗದದ ಜೊತೆ ನೀನು ಇಟ್ಟ ಲೆಕ್ಕದ ಚೀಟಿ ನೋಡಿದೆ. 60 ಜನ, ಎರಡು ದಿನ, ದಿನಕ್ಕೆ 300 ಭತ್ಯೆ, 150ರ ಊಟ. ಎರಡು ತರಬೇತಿಗೆ 1,08,000. ಉಳಿದ 28,000 ಶಾಮಿಯಾನ, ಮೈಕು, ಹೇಳಿಕೊಡಲು ಬಂದವರಿಗೆ. ಸರಿಯಾಗಿ 1,36,000ಕ್ಕೆ ಬಂದು ಕೂರುತ್ತದೆ. ಇಷ್ಟು ನುಣ್ಣಗೆ ಕೂರುವ ಲೆಕ್ಕವನ್ನು ನನ್ನ ಇಡೀ ನೌಕರಿಯಲ್ಲಿ ನಿಜವಾದ ಖರ್ಚಿನಲ್ಲಿ ಕಂಡಿಲ್ಲ. ತರಬೇತಿ ನಿಜಕ್ಕೂ ಆಗಿದ್ದರೆ ಎರಡನೇ ದಿನ ಮೂವರು ಬರುತ್ತಿರಲಿಲ್ಲ. ಇನ್ನಿಬ್ಬರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಊಟ ಏಳೆಂಟು ಎಲೆ ಜಾಸ್ತಿ ಆಗುತ್ತಿತ್ತು. ಆಡಿಟರ್ ಕಣ್ಣಿಗೆ ಮೊದಲು ಹೊಡೆಯುವುದೇ ಈ ನುಣುಪು. ಇರಲಿ, ಸಿಕ್ಕಿಬೀಳುವ ಮಾತು ಆಮೇಲೆ.

ನಾನು ಶಿರಸಿ ಕಡೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು. ಸೇರಿದ ಎರಡನೇ ಮಾರ್ಚಿನಲ್ಲಿ ಒಂದಷ್ಟು ಸಾಲದ ವೋಚರ್ ನನ್ನ ಮೇಜಿಗೆ ಬಂತು. ಹಳೆಯ ಸಾಲ ತೀರಿತು ಅಂತ ತೋರಿಸಲು ಹೊಸ ಸಾಲ. ದುಡ್ಡು ಯಾರ ಕೈಗೂ ಹೋಗುವುದಿಲ್ಲ, ಪುಸ್ತಕದಲ್ಲಷ್ಟೇ ಆ ಪುಟದಿಂದ ಈ ಪುಟಕ್ಕೆ. ಎಲ್ಲದರ ಮೇಲೂ ನೇರಳೆ ಶಾಯಿಯ ಹೆಬ್ಬೆಟ್ಟು. ಮೇಲಿನವರು ಹಾಕು ಅಂದರು, ಹಾಕಿದೆ.

ನಾಲ್ಕು ವರ್ಷ ಬಿಟ್ಟು ಒಬ್ಬಳು ಅಜ್ಜಿ ಬಂದಳು. ಮೊಮ್ಮಗನಿಗೆ ಎಮ್ಮೆ ಸಾಲ ಬೇಕಿತ್ತು. ನಿಮ್ಮ ಹೆಸರಿನಲ್ಲಿ ಬಾಕಿ ಇದೆಯಲ್ಲ ಅಂದೆ. ಹಳೆ ವೋಚರ್ ಕಟ್ಟು ಬಿಚ್ಚಿ ತೋರಿಸಿದೆ. ಅವಳಿಗೆ ಓದಲು ಬಾರದು. ತನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕ ಇಟ್ಟು ನೋಡಿದಳು. "ಬೆಟ್ಟು ನಂದೇ ಇರ್ಬೇಕು ತಂಗಿ, ದುಡ್ಡು ಮಾತ್ರ ಕಂಡಿಲ್ಲ" ಅಂದಳು. ಅವತ್ತು ಅರ್ಜಿಗೆ ಅಂತ ಇನ್ನೊಂದು ಹೆಬ್ಬೆಟ್ಟು ಹಾಕಿಸಿಕೊಂಡೆ. ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೋದಳು. ಆ ಅರ್ಜಿ ಪಾಸಾಗಲಿಲ್ಲ. ವೋಚರ್ ಹಾಕಿದವಳು ನಾನು ಅಂತ ಅವಳಿಗೆ ಹೇಳಲೂ ಇಲ್ಲ.

ನಿನ್ನ ವೋಚರಿನಲ್ಲೂ ಅದೇ ಆಗುವುದು. 120 ಹೆಂಗಸರು ತಲಾ 600 ರೂಪಾಯಿ ತೆಗೆದುಕೊಂಡರು ಅಂತ ಕಾಗದ ಹೇಳುತ್ತದೆ. ನಾಳೆ ಕಂಪನಿಯಿಂದ ಯಾರೋ ಬಂದು ಕೇರಿಯಲ್ಲಿ ಭತ್ಯೆ ಸಿಕ್ಕಿತಾ ಅಂತ ಕೇಳಿದರೆ ಬಾಯಿ ಬಾಯಿ ಬಿಡುವವರು ಅವರು. ಮುಂದಿನ ವರ್ಷ ನಿಜವಾದ ತರಬೇತಿ ಬಂದರೆ "ಇವರಿಗೆ ಆಗಿದೆಯಲ್ಲ" ಅಂತ ಬಿಟ್ಟು ಹೋಗುವ ಹೆಸರುಗಳೂ ಅವರದ್ದೇ. ಪಟ್ಟಿಯಲ್ಲಿ ಇರುವುದು, ಇಲ್ಲದಿರುವುದು ಅಂದರೇನು ಅಂತ ಹಾಲಕ್ಕಿ ಮನೆಯ ನಿನಗೆ ನಾನು ಹೇಳಬೇಕಾ? ಸಿದ್ದಿಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ನಿಮ್ಮವರು, ಕುಣಬಿಗಳು, ಗೌಳಿಗಳು ಇನ್ನೂ ಹೊರಗೆ ನಿಂತು ಕೇಳುತ್ತಿದ್ದಾರೆ.

ಆದರೆ ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಡೀಸೆಲ್ ವಿಷಯಕ್ಕೆ.

ಯೋಚನೆ ಮಾಡು. ಡೀಸೆಲನ್ನು ತರಬೇತಿ ಅಂತ ಬರೆದರೆ ಕಂಪನಿಗೆ ಹೋಗುವ ಲೆಕ್ಕ ಏನು ಹೇಳುತ್ತದೆ? ಡೀಸೆಲ್‌ಗೆ ಕೊಟ್ಟದ್ದು ಸಾಕಾಯಿತು, ತರಬೇತಿ ಚೆನ್ನಾಗಿ ನಡೆಯಿತು. ಮುಂದಿನ ಬಜೆಟ್ ಇದನ್ನೇ ನೋಡಿ ಮಾಡುತ್ತಾರೆ. ತರಬೇತಿಗೆ ಮತ್ತೆ ಅಷ್ಟೇ, ಡೀಸೆಲ್‌ಗೆ ಮತ್ತೆ ಇಷ್ಟೇ. ಮತ್ತೆ ಡಿಸೆಂಬರಿಗೆ ಟ್ಯಾಂಕ್ ಖಾಲಿ, ಮತ್ತೆ ಮಾರ್ಚಿನಲ್ಲಿ ನಿನ್ನ ಮೇಜಿನ ಮುಂದೆ ಡಾಕ್ಟರು. ಅಷ್ಟು ರಾತ್ರಿಗಳಲ್ಲಿ ಕಾಡಿನ ದಾರಿಯಲ್ಲಿ ಜೀಪು ಓಡಿಸಿದ ಆ ಮನುಷ್ಯ, ತಾನು ಓಡಿಸಿಯೇ ಇಲ್ಲ ಅಂತ ತಾನೇ ಬರೆಸುತ್ತಿದ್ದಾನೆ.

ಹಾಗಾಗಿ ಡೀಸೆಲನ್ನು ಡೀಸೆಲ್ ಅಂತಲೇ ಬರೆ. ಮಿತಿ ಮೀರಿದ್ದು ಮೀರಿದೆ ಅಂತಲೇ ಕಾಣಲಿ. ಬಂಕಿನ ಉದ್ರಿಯನ್ನು ಕೊಡಬೇಕಾದ ಬಾಕಿ ಅಂತ ಮಾರ್ಚ್ 31ಕ್ಕೆ ತೋರಿಸು. ಆಮೇಲೆ ಜೀಪಿನ ಟ್ರಿಪ್ ಬುಕ್ ತೆಗೆದುಕೊಂಡು ಕೂತುಕೋ. ಬೆಂಗಳೂರಿನಲ್ಲಿ ಕಲಿತ ಅನಲಿಸ್ಟ್ ಕೆಲಸ ಅಂದರೆ ಇದು. ಹನ್ನೆರಡು ತಿಂಗಳ ಪ್ರತಿ ಟ್ರಿಪ್ಪನ್ನೂ ಬೇರೆ ಬೇರೆ ಮಾಡು. ಒಪ್ಪಂದದಲ್ಲಿದ್ದ ಕೇರಿಗಳ ತಪಾಸಣೆಗೆ ಎಷ್ಟು ಕಿಲೋಮೀಟರು? ಹೆರಿಗೆಗೆ ಯಲ್ಲಾಪುರ ಆಸ್ಪತ್ರೆಗೆ ಎಷ್ಟು? ಹುಬ್ಬಳ್ಳಿಗೆ ಎಷ್ಟು? ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ಜಿಲ್ಲೆ ದಾಟುವುದೇ ಆಗಿದೆ. ಬಜೆಟ್ ಬರೆದವರಿಗೆ ಇದು ಗೊತ್ತಿರಲಿಕ್ಕಿಲ್ಲ.

108 ಆಂಬುಲೆನ್ಸ್ ರಾಜ್ಯದಲ್ಲಿ 2008ರಿಂದ ಇದೆ. ಬಾಣಂತಿಯನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಡಲು ನಗು-ಮಗು ಗಾಡಿ ಇದೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಗರ್ಭಿಣಿಗೆ ಹೋಗಿ ಬರುವ ಗಾಡಿ ಪುಕ್ಕಟೆ. ಇಷ್ಟಿದ್ದೂ ನಿಮ್ಮ ಜೀಪು ಯಾಕೆ ಹೋಯಿತು? ಫೋನಿಗೆ ಸಿಗ್ನಲ್ ಇರಲಿಲ್ಲವಾ, ಗಾಡಿ ಬರುವ ದಾರಿ ಇರಲಿಲ್ಲವಾ, ಕರೆದರೂ ತಡವಾಯಿತಾ? ಡ್ರೈವರಿಗೆ ಗೊತ್ತಿರುತ್ತದೆ. ಅವನು ಹೇಳಿದ್ದನ್ನು ಒಂದೊಂದು ಸಾಲು ಬರೆದುಕೋ. ದಾರಿಯಲ್ಲಿ ಕೈ ಅಡ್ಡ ಹಾಕಿದ ಗೌಳಿ ಮುದುಕನನ್ನೋ, ಕುಣಬಿ ಹುಡುಗಿಯನ್ನೋ ಹತ್ತಿಸಿಕೊಂಡ ಟ್ರಿಪ್ಪೂ ಇದ್ದೇ ಇರುತ್ತದೆ. ಒಪ್ಪಂದದಲ್ಲಿ ಬರೀ ಸಿದ್ದಿ ಕೇರಿ ಅಂತ ಇದ್ದರೆ ಆ ಕಿಲೋಮೀಟರು ಈ ದುಡ್ಡಿನಲ್ಲಿ ಬರುವುದಿಲ್ಲ. ಅದನ್ನೂ ಮುಚ್ಚಿಡಬೇಡ, ಬೇರೆ ತೋರಿಸು. ಅದನ್ನು ಸಂಸ್ಥೆ ತನ್ನ ಸ್ವಂತ ದೇಣಿಗೆಯ ನಿಧಿಯಿಂದ ಕೊಡಬೇಕಾದೀತು. ಟ್ರಸ್ಟಿಗಳು ಕೂತು ತೀರ್ಮಾನ ಮಾಡಲಿ, ಅವರಿಗೂ ಸ್ವಲ್ಪ ಕೆಲಸ ಇರಲಿ.

ಈ ಒಂದು ಹಾಳೆ ಇಟ್ಟುಕೊಂಡು ಕಂಪನಿಗೆ ಪತ್ರ ಬರೆ. ತರಬೇತಿಯಲ್ಲಿ ಇಷ್ಟು ಉಳಿದಿದೆ, ಯಾಕೆ ಉಳಿಯಿತು ಅಂದರೆ ಕೊಯ್ಲಿನ ಕಾಲಕ್ಕೆ ಇಟ್ಟುಕೊಂಡದ್ದು ನಮ್ಮದೇ ತಪ್ಪು. ಡೀಸೆಲ್‌ಗೆ ಇಷ್ಟು ಜಾಸ್ತಿ ಆಗಿದೆ, ಕಾರಣ ಇಲ್ಲಿದೆ. ಅದರಿಂದ ಇದಕ್ಕೆ ಬದಲಾಯಿಸಿಕೊಳ್ಳಲು ಲಿಖಿತ ಒಪ್ಪಿಗೆ ಕೊಡಿ. ಇಷ್ಟೇ. ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ಹಣ ಬದಲಾಯಿಸುವ ಬಗ್ಗೆ ಒಪ್ಪಂದದಲ್ಲೇ ಸಾಮಾನ್ಯವಾಗಿ ಒಂದು ಕಲಂ ಇರುತ್ತದೆ. ಓದಿದ್ದೀಯಾ? ಓದಿಲ್ಲ ಅಂತ ನನ್ನ ಅನುಮಾನ, ನಿನ್ನ ಕಾಗದದಲ್ಲಿ ಅದರ ಮಾತೇ ಇಲ್ಲ.

ಮಾರ್ಚ್ ಒಳಗೆ ಖರ್ಚಾಗದಿದ್ದರೆ ದುಡ್ಡು ಹೋಯಿತು ಅನ್ನುವುದು ನಮ್ಮ ಆಫೀಸುಗಳ ಹಳೆಯ ಭಯ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿ ಚಾಲ್ತಿ ಯೋಜನೆಗೆ, ಅಂದರೆ ಒಂದೇ ವರ್ಷಕ್ಕೆ ಮುಗಿಯದ ಕೆಲಸಕ್ಕೆ, ಬೇರೆ ದಾರಿ ಇದೆ. ಉಳಿದ ಹಣವನ್ನು ಕಂಪನಿ ವರ್ಷ ಮುಗಿದ 30 ದಿನದೊಳಗೆ ಒಂದು ಪ್ರತ್ಯೇಕ ಖಾತೆಗೆ ಹಾಕಿ, ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬಹುದು. ನಿಮ್ಮದು ಅವರ ಪುಸ್ತಕದಲ್ಲಿ ಚಾಲ್ತಿ ಯೋಜನೆ ಹೌದಾ ಅಂತ ಒಂದು ಫೋನ್ ಮಾಡಿ ಕೇಳು. ಹೌದಾದರೆ ಡೀಸೆಲ್‌ಗೆ ಹೋಗಿ ಮಿಕ್ಕಿದ್ದರಲ್ಲಿ ತರಬೇತಿಯನ್ನು ಮಳೆ ಶುರುವಾಗುವ ಮೊದಲು, ಮೇ ತಿಂಗಳಲ್ಲಿ ನಿಜವಾಗಿಯೇ ಮಾಡಬಹುದಲ್ವಾ?

ಈಗ ಸಿಕ್ಕಿಬೀಳುವ ಮಾತು, ಚುಟುಕಾಗಿ. ನೀನು ಕೊಡುವ ಬಳಕೆ ಪ್ರಮಾಣಪತ್ರ ನೋಡಿಯೇ ಆ ಕಂಪನಿಯ ಹಣಕಾಸು ಮುಖ್ಯಸ್ಥರು ದುಡ್ಡು ಹೇಳಿದ ಕೆಲಸಕ್ಕೇ ಹೋಗಿದೆ ಅಂತ ತಮ್ಮ ಬೋರ್ಡಿಗೆ ಬರೆದುಕೊಡಬೇಕು. ಸುಳ್ಳು ಲೆಕ್ಕಕ್ಕೆ ಭಾರತೀಯ ನ್ಯಾಯ ಸಂಹಿತೆಯ 344ನೇ ಸೆಕ್ಷನ್ ಇದೆ, ಏಳು ವರ್ಷದವರೆಗೆ ಜೈಲು. ಆ ಸೆಕ್ಷನ್ ಶುರುವಾಗುವುದೇ ಕ್ಲರ್ಕಿನಿಂದ. ಡಾಕ್ಟರು ಬಾಯಲ್ಲಿ ಹೇಳಿದ್ದಾರೆ, ಬರೆಯುವ ಕೈ ನಿನ್ನದು. ನಿನ್ನ ಗಂಡನಿಗೆ ಈ ಪ್ಯಾರಾ ಓದಿ ಹೇಳು, ಯಾರಪ್ಪನ ಮನೆ ಗಂಟು ಅಂತ ಗೊತ್ತಾಗಲಿ.

ಡಾಕ್ಟರ ಮಾತಿಗೆ ಬರುತ್ತೇನೆ. ಫ್ಯಾನಿನ ಕೆಳಗೆ ಕೂತವಳು ಅಂದದ್ದು ನಿನಗೆ ಚುಚ್ಚಿದೆ. ಚುಚ್ಚಲಿ. ಒಂದೂವರೆ ವರ್ಷದಲ್ಲಿ ಒಮ್ಮೆಯಾದರೂ ಆ ಜೀಪು ಹತ್ತಿದ್ದೀಯಾ? ಹತ್ತಿಲ್ಲದಿದ್ದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಮುಂದಿನ ವಾರ ಹೆಬ್ಬೆಟ್ಟಿಗೆ ಅಂತ ಹೊರಟ ಜೀಪಿನಲ್ಲಿ ಶಾಯಿ ಪ್ಯಾಡು ಬಿಟ್ಟು ನೀನೇ ಹೋಗು. ಒಂದು ಟ್ರಿಪ್ಪಿಗೆ ಎಷ್ಟು ಹೊತ್ತು, ಎಲ್ಲಿ ಇಳಿದು ನಡೆಯಬೇಕು, ಎಲ್ಲಿ ಸಿಗ್ನಲ್ ಹೋಗುತ್ತದೆ ಅಂತ ನೋಡಿಕೊಂಡು ಬಾ. ನಿನ್ನ ಪತ್ರಕ್ಕೆ ಅದರಿಂದಲೇ ಜೀವ ಬರುವುದು.

ಅವರ ಹತ್ತಿರ ಮಾತಾಡುವುದು ಬೆಳಿಗ್ಗೆ, ಪೇಷಂಟುಗಳು ಬರುವ ಮೊದಲು. ಬರಿಗೈಯಲ್ಲಿ ಹೋಗಬೇಡ, ಪತ್ರದ ಕರಡು ಕೈಯಲ್ಲಿರಲಿ. ಸರಿ ತಪ್ಪಿನ ಭಾಷಣ ಬೇಡ, ವಯಸ್ಸಾದವರಿಗೆ ಅದು ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ. "ಸರ್, ವೋಚರ್ ನನ್ನಿಂದ ಆಗುವುದಿಲ್ಲ. ಆದರೆ ಡೀಸೆಲ್ ದುಡ್ಡು ಕೇಳುವ ಪತ್ರ ತಂದಿದ್ದೇನೆ, ಒಮ್ಮೆ ನೋಡಿ ಸಹಿ ಮಾಡಿ" ಅನ್ನು. ಇಲ್ಲ ಅನ್ನುವುದನ್ನೂ ಈ ಹಾಳೆಯನ್ನೂ ಒಟ್ಟಿಗೆ ಕೊಡು. ಬಂಕಿನವನಿಗೆ ನೀನೇ ಫೋನ್ ಮಾಡಿ ಏಪ್ರಿಲ್ ತನಕ ತಡೆಯಿರಿ ಅಂತ ಹೇಳು. ಇಷ್ಟು ದಿನ ಉದ್ರಿ ಕೊಟ್ಟವನು ಇನ್ನೊಂದು ತಿಂಗಳು ಕೊಡದೆ ಇರುವುದಿಲ್ಲ.

ಇಷ್ಟಾದ ಮೇಲೂ ಹಾಕು ಅಂತ ಹಟ ಹಿಡಿದರೆ, ಆಗುವುದಿಲ್ಲ ಅಂತ ಒಂದು ಮೇಲ್ ಕಳಿಸಿ, ಪ್ರತಿ ಇಟ್ಟುಕೊಂಡು, ಟ್ರಸ್ಟಿಗಳಲ್ಲಿ ಒಬ್ಬರಿಗೆ ಹೇಳು. ನಿನ್ನ ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೂ ಕೊಡಬೇಡ. ಅಲ್ಲೂ ಕಿವಿಗೆ ಹಾಕಿಕೊಳ್ಳದಿದ್ದರೆ ಬಿಟ್ಟು ಬಾ, ಆಗ ಬಿಡುವುದು ಸರಿ.

ಟ್ರಿಪ್ ಬುಕ್ಕಿನಲ್ಲಿ ಡ್ರೈವರ್ ಅಕ್ಷರ ಓದಲು ಆಗುವುದಿಲ್ಲ ಅಂತ ಚೀಟಿಯ ಕೆಳಗೆ ಬರೆದಿದ್ದೀಯ. ಅವನನ್ನೇ ಕೂರಿಸಿಕೊಂಡು ಓದಿಸು. ಶನಿವಾರ ಅವನಿಗೆ ರಜೆ ಅಂದಿದ್ದೀಯಲ್ಲ, ಶುಕ್ರವಾರವೇ ಹಿಡಿ.