ಸಾವಿರ ಡೋಸ್, ಒಂದು ಮೊಟ್ಟೆ

ದಾವಣಗೆರೆಯ ಓದುಗರೊಬ್ಬರ ಪತ್ರ: "ಕೊಬ್ಬಿನ ಕಣದಲ್ಲಿ ವಂಶವಾಹಿ ಸಂದೇಶ ತುಂಬಿ ಲಸಿಕೆ ಕೊಡುತ್ತಾರೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಎರಡು ಸಲ ಕೋವಿಶೀಲ್ಡ್ ಹಾಕಿಸಿಕೊಂಡವನು. ಈಗ ಕೊಲೆಸ್ಟರಾಲ್ ಏರಿದೆ. ಕಾರಣ ಅದೇ ಇರಬಹುದೇ? ನನ್ನ ಜೀನ್‌ಗಳೂ ಬದಲಾಗಿವೆಯೇ?"

ಮಾನ್ಯರೇ, ಕೋವಿಶೀಲ್ಡ್‌ನಲ್ಲಿ ಆ ಕೊಬ್ಬಿನ ಕಣವೇ ಇಲ್ಲ. ಅದರಲ್ಲಿ ಸಂದೇಶ ಹೊರುವುದು ಚಿಂಪಾಂಜಿಯ ನೆಗಡಿ ವೈರಸ್ಸಿನ ಪಳಗಿಸಿದ ರೂಪ. ನಾವು ಬರೆದದ್ದು ಫೈಜರ್, ಮಾಡರ್ನಾ ಲಸಿಕೆಗಳ ಬಗ್ಗೆ. ಅವುಗಳಲ್ಲಿ ಕೊಲೆಸ್ಟರಾಲ್ ಇರುವುದು ನಿಜ. ಫೈಜರ್‌ನ ಒಂದು ಡೋಸ್‌ನಲ್ಲಿ ಸುಮಾರು 0.2 ಮಿಲಿಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ ಹತ್ತಿರಹತ್ತಿರ 200. ಬೆಣ್ಣೆದೋಸೆಯ ಲೆಕ್ಕವನ್ನು ನಿಮಗೇ ಬಿಡುತ್ತೇನೆ.

ತಪ್ಪು ನಮ್ಮದೂ ಇದೆ. ಕಣ ಕೋಶದ ಹೊರಪೊರೆಗೆ ಅಂಟಿ, ಸಂದೇಶವನ್ನು ಒಳಗೆ ಸುರಿಯುವಂತೆ ಚಿತ್ರ ಬರೆಸಿದ್ದೆವು. ಹಾಗಾಗುವುದಿಲ್ಲ. ಕೋಶ ಆ ಕಣವನ್ನು ಇಡಿಯಾಗಿ ನುಂಗಿ, ಒಂದು ಚೀಲದೊಳಗೆ ಹಾಕಿ, ಚೀಲವನ್ನು ಹುಳಿಯಾಗಿಸುತ್ತದೆ. ಜೀರ್ಣಿಸಿ ಮುಗಿಸುವುದು ಅದರ ಉದ್ದೇಶ. ಕಣದ ಮುಖ್ಯ ಲಿಪಿಡ್ಡನ್ನು, ಅಂದರೆ ಕೊಬ್ಬಿನ ಅಣುವನ್ನು, ವಿಜ್ಞಾನಿಗಳು ಕಟ್ಟಿರುವುದು ಈ ಗಳಿಗೆಗಾಗಿಯೇ. ರಕ್ತದಲ್ಲಿ ಅದಕ್ಕೆ ವಿದ್ಯುದಾವೇಶ ಇರುವುದಿಲ್ಲ, ಹಾಗಾಗಿ ಯಾರ ತಂಟೆಗೂ ಹೋಗುವುದಿಲ್ಲ. ಹುಳಿ ತಾಗಿದೊಡನೆ ಧನಾವೇಶ ಪಡೆದು, ಋಣಾವೇಶವಿರುವ ಚೀಲದ ಪೊರೆಯನ್ನು ಕೆಡಿಸುತ್ತದೆ. ಆ ಬಿರುಕಿನಿಂದ ಸಂದೇಶ ಹೊರಬೀಳಬೇಕು. ಹಾಗೆ ಪಾರಾಗುವುದು ತೀರ ಸ್ವಲ್ಪ ಪಾಲು. ಉಳಿದದ್ದು ಅಲ್ಲೇ ಕರಗಿಹೋಗುತ್ತದೆ. ಇಷ್ಟು ದುಂದಿನ ಸಾಗಣೆಯೂ ಕೆಲಸಕ್ಕೆ ಸಾಕಾಗುತ್ತದೆ ಎಂಬುದೇ ನನಗೆ ಅಚ್ಚರಿ.

ಇನ್ನು ಜೀನ್‌ಗಳ ವಿಚಾರ. ನಾವು ಬರೆದ ಲಸಿಕೆಗಳಲ್ಲಿರುವ ಸಂದೇಶ, ಅಂದರೆ ಎಂಆರ್‌ಎನ್‌ಎ, ಜೀನ್‌ಗಳಿರುವ ಕೋಶಕೇಂದ್ರದೊಳಕ್ಕೆ ಹೋಗುವುದಿಲ್ಲ, ಕೆಲವೇ ದಿನಗಳಲ್ಲಿ ಚೂರಾಗುತ್ತದೆ. ಆದರೆ ಈ ಗಾಡಿಯಲ್ಲಿ ಬೇರೆ ಸರಕನ್ನೂ ಹೇರಬಹುದು ಎಂಬುದನ್ನು ಮುಚ್ಚಿಡಲಾರೆ. ರಕ್ತನಾಳಕ್ಕೆ ಕೊಟ್ಟ ಕಣಗಳಿಗೆ, ಕೊಬ್ಬನ್ನು ಸಾಗಿಸುವ ಅಪೊಇ ಎಂಬ ಪ್ರೋಟೀನು ಮೆತ್ತಿಕೊಳ್ಳುತ್ತದೆ. ಯಕೃತ್ತು ಅದನ್ನು ತನ್ನದೇ ಸರಕೆಂದು ಎಳೆದುಕೊಳ್ಳುತ್ತದೆ. ಯಕೃತ್ತಿನಲ್ಲಿ ತಯಾರಾಗುವ ಒಂದು ದೋಷಯುಕ್ತ ಪ್ರೋಟೀನನ್ನು ತಡೆಯುವ ಪಾಟಿಸಿರಾನ್ ಔಷಧ ಯಕೃತ್ತನ್ನು ಸೇರುವುದು ಇದೇ ದಾರಿಯಿಂದ; ಅದಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2025ರಲ್ಲಂತೂ ಫಿಲಡೆಲ್ಫಿಯಾದ ವೈದ್ಯರು, ಅಮೋನಿಯಾವನ್ನು ಹೊರಹಾಕಲಾಗದ ಒಂದು ಹಸುಗೂಸಿನ ಯಕೃತ್ತಿಗೆ ಜೀನ್ ತಿದ್ದುವ ಸಾಧನವನ್ನೇ ಇಂಥ ಕಣಗಳಲ್ಲಿ ಕಳುಹಿಸಿದರು. ಅಲ್ಲಿ ಜೀನ್ ಬದಲಾದದ್ದು ಹೌದು, ಬೇಕೆಂದೇ ಬದಲಿಸಿದ್ದು.

ಏರಿದ ಕೊಲೆಸ್ಟರಾಲನ್ನು ದಯವಿಟ್ಟು ವೈದ್ಯರಿಗೆ ತೋರಿಸಿ. ತಿದ್ದಿದ ಚಿತ್ರ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಹುಳಿಚೀಲದ ಸಮೇತ.

– ಸಂ.