ವಿಮಾನ ಇಲ್ಲದಿದ್ದರೆ ಮಗ ಮನೆಯಲ್ಲೇ ಇರುತ್ತಿದ್ದನೇ?

ಓದುಗರ ಪತ್ರ: "ವಿಮಾನ ಅನ್ನೋದೇ ಹುಟ್ಟದೆ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನನ್ನ ಮಗ ಕ್ಯಾಲಿಫೋರ್ನಿಯಾಗೆ ಹೋಗುತ್ತಲೇ ಇರಲಿಲ್ಲ. ಒಂದು ವೇಳೆ ಹೋಗಿದ್ದರೂ, ಇಷ್ಟು ಹೊತ್ತಿಗೆ ಹಡಗು, ರೈಲುಗಳೇ ಭಾರೀ ವೇಗವಾಗಿರುತ್ತಿದ್ದವು, ಅವನು ಹಬ್ಬಕ್ಕೆ ಬಂದು ಹೋಗುತ್ತಿದ್ದ. ನೀವೇನಂತೀರಿ? ಅಂದ ಹಾಗೆ, ನನಗೂ ನನ್ನ ಮನೆಯವರಿಗೂ ಮಂಡಿನೋವು. ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆವು. ಬೇರೆ ದಾರಿ ಏನಾದರೂ ಇದೆಯೇ?" (ನಿವೃತ್ತ ಭೂಗೋಳ ಮೇಷ್ಟ್ರು, ರಾಜಾಜಿನಗರ, ಬೆಂಗಳೂರು)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಭೂಗೋಳ ಪಾಠ ಮಾಡಿದವರಿಗೆ ಸುಮ್ನೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಎರಡು ಸಾಲು ಬರೆದು ಮುಗಿಸುವುದು ಸರಿಯಲ್ಲ. ಅದಕ್ಕೇ ಭೂಪಟ ಹರಡಿಕೊಂಡು ಕೂತಿದ್ದೇನೆ.

ಮೊದಲು ಹಡಗು. ವಿಮಾನ ಬರದಿದ್ದರೆ ಹಡಗು ಇನ್ನೂ ಜೋರಾಗಿ ಓಡುತ್ತಿತ್ತು ಅನ್ನುವುದು ನಿಮ್ಮ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. 1952ರಲ್ಲೇ ಎಸ್.ಎಸ್. ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ಅಟ್ಲಾಂಟಿಕ್ ಸಾಗರವನ್ನು 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿತ್ತು. ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳು ಜನರನ್ನು ಹೊತ್ತು ಹಾರಲು ಶುರುಮಾಡಿದ್ದು 1958ರಲ್ಲಿ. ಅಂದರೆ ವಿಮಾನ ಬಂದು ಗಿರಾಕಿಗಳನ್ನು ಕಿತ್ತುಕೊಳ್ಳುವ ಮೊದಲೇ ಹಡಗು ತನ್ನ ಓಟ ಓಡಿ ಆಗಿತ್ತು. ಆಮೇಲೆ 1998ರಲ್ಲಿ ಒಂದು ಕ್ಯಾಟಮರಾನ್ (ಜೋಡಿ ಒಡಲಿನ ಹಡಗು) ಅದೇ ಸಾಗರವನ್ನು 2 ದಿನ 20 ಗಂಟೆಯಲ್ಲಿ ದಾಟಿತು. ನಲವತ್ತಾರು ವರ್ಷಕ್ಕೆ ಉಳಿದದ್ದು ಹದಿನಾಲ್ಕು ಗಂಟೆ ಅಷ್ಟೇ!

ಅಡ್ಡಿ ಇರುವುದು ನೀರಿನಲ್ಲೇ. ಹಡಗಿನ ವೇಗ ಎರಡರಷ್ಟಾಗಬೇಕಾದರೆ ಎಂಜಿನ್ನಿನ ಶಕ್ತಿ ಸುಮಾರು ಎಂಟರಷ್ಟು ಬೇಕು. ದೂರ ಅಷ್ಟೇ ಇದ್ದರೂ ಎಣ್ಣೆ ನಾಲ್ಕರಷ್ಟು ಸುಡಬೇಕು. ಟಿಕೆಟ್ ಯಾರು ಕೊಳ್ಳುತ್ತಾರೆ? ಇವತ್ತಿಗೂ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಓಡಾಡುವ ಕ್ವೀನ್ ಮೇರಿ 2 ಸಾಮಾನ್ಯವಾಗಿ ಏಳು ರಾತ್ರಿ ತೆಗೆದುಕೊಳ್ಳುತ್ತದೆ. 1952ರ ಹಡಗಿಗಿಂತ ಎರಡರಷ್ಟು ಸಮಯ.

ಈಗ ನಿಮ್ಮ ಮಗನ ದಾರಿ ನೋಡೋಣ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಡಗು ಹತ್ತಿ ಜಪಾನಿನ ಯೊಕೊಹಾಮಾ, ಅಲ್ಲಿಂದ ಸಿಂಗಪುರ, ಅಲ್ಲಿಂದ ಚೆನ್ನೈ, ಚೆನ್ನೈಯಿಂದ ರೈಲು. ನೀರಿನ ದಾರಿಯೇ ಸುಮಾರು 17,000 ಕಿ.ಮೀ. ಗಂಟೆಗೆ 37 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿದರೆ 19 ದಿನ. ಎಣ್ಣೆ ಸುರಿದು 55 ಕಿ.ಮೀ. ವೇಗದಲ್ಲಿ ಓಡಿಸಿದರೂ 13 ದಿನ. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ ನಡುವೆ 2021ರಲ್ಲಿ ಶುರುವಾದ ನೇರ ವಿಮಾನಕ್ಕೆ ಸುಮಾರು 17 ಗಂಟೆ ಸಾಕಾಗಿತ್ತು.

ಇದರ ಮೇಲೆ ಕಾಯುವ ಹೊತ್ತು ಬೇರೆ. ಹಳೇ ಪ್ರಯಾಣಗಳಲ್ಲಿ ದಿನಗಳನ್ನು ತಿಂದದ್ದು ಬರೀ ದೂರ ಅಲ್ಲ, ಒಂದರಿಂದ ಇಳಿದು ಇನ್ನೊಂದು ಹತ್ತುವ ಕಾಯುವಿಕೆ. ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ 1889ರ ನವೆಂಬರಿನಲ್ಲಿ ಹೊರಟು 72 ದಿನದಲ್ಲಿ ಭೂಮಿ ಸುತ್ತಿ ಬಂದರು. ಅಷ್ಟು ಅವಸರದಲ್ಲಿದ್ದವರು ಕೊಲಂಬೊದಲ್ಲಿ ಐದು ದಿನ ಸುಮ್ಮನೆ ಕೂರಬೇಕಾಯಿತು. ಕಲ್ಕತ್ತೆಯಿಂದ ಬರಬೇಕಿದ್ದ ಹಡಗು ಬಂದಿರಲಿಲ್ಲ, ಅದರ ಜನ ಬರದೆ ಇವರ ಹಡಗು ಹೊರಡುವಂತಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸಿಗೆ ಎರಡು ಗಂಟೆ ಕಾದರೇ ನಮಗೆ ರೇಗುತ್ತದೆ, ಅಲ್ವಾ?

ಆದರೆ ಹಡಗಿನ ನಿಧಾನದಲ್ಲೂ ಒಂದು ಲಾಭವಿತ್ತು, ಅದಕ್ಕೆ ನಾನು ತಲೆಬಾಗಲೇಬೇಕು. ವಿವೇಕಾನಂದರು 1893ರ ಮೇ 31ರಂದು ಬೊಂಬಾಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್ ದಾಟಿ ಜಪಾನಿಗೆ ಹೋದರು. ದಾರಿಯುದ್ದಕ್ಕೂ ಇಳಿದು ಊರು ನೋಡಿದರು. ಯೊಕೊಹಾಮಾದಲ್ಲಿ ಎಂಪ್ರೆಸ್ ಆಫ್ ಇಂಡಿಯಾ ಹಡಗು ಹತ್ತಿ ಜುಲೈ 25ಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ ಇಳಿದರು. ಅಲ್ಲಿಂದ ಷಿಕಾಗೊಗೆ ರೈಲು. ಆ ಹಡಗಿನಲ್ಲಿ ಜೊತೆಗಿದ್ದವರು ಜಮ್‌ಷೆಡ್‌ಜಿ ಟಾಟಾ. ಐದು ವರ್ಷದ ಮೇಲೆ, 1898ರಲ್ಲಿ, ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟುವ ಯೋಚನೆ ಹೇಳಿ ಟಾಟಾ ಅವರು ವಿವೇಕಾನಂದರಿಗೆ ಕಾಗದ ಬರೆದರು. ಆ ಕಾಗದ ಶುರುವಾಗುವುದೇ ಹಡಗಿನಲ್ಲಿ ಜೊತೆಯಾಗಿ ಬಂದದ್ದನ್ನು ನೆನಪಿಸಿ. 1909ರಲ್ಲಿ ಹುಟ್ಟಿದ ಆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಿಮ್ಮ ರಾಜಾಜಿನಗರದ ಹಳಬರು ಈಗಲೂ "ಟಾಟಾ ಇನ್‌ಸ್ಟಿಟ್ಯೂಟ್" ಅಂತಲೇ ಕರೆಯುತ್ತಾರೆ. ಈಗಿನ ವಿಮಾನದಲ್ಲಾಗಿದ್ದರೆ ಇಬ್ಬರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿದ್ದೆ ಹೊಡೆಯುತ್ತಿದ್ದರೇನೋ!

ರೈಲಿನ ವಿಷಯದಲ್ಲಿ ಮಾತ್ರ ನಿಮ್ಮ ಊಹೆ ಸರಿಯೇ. ವಿಮಾನ ನಿಲ್ದಾಣಗಳಿಗೆ ಹೋಗುವ ದುಡ್ಡು ಹಳಿಗೆ ಹೋಗಿದ್ದರೆ ಅದರ ಫಲ ಕಾಣುತ್ತಿತ್ತು. ಬೀಜಿಂಗ್–ಶಾಂಘೈ ನಡುವಿನ 1,318 ಕಿ.ಮೀ. ದಾರಿಯನ್ನು ಅಲ್ಲಿನ ವೇಗದ ರೈಲು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಗಿಸುತ್ತದೆ. ಅಂಥದ್ದು ನಮ್ಮಲ್ಲಿದ್ದರೆ ರಾತ್ರಿ ಊಟ ಮಾಡಿ ಬೆಂಗಳೂರಿನಲ್ಲಿ ಹತ್ತಿ, ಬೆಳಗಿನ ಕಾಫಿಗೆ ದೆಹಲಿಯಲ್ಲಿ ಇಳಿಯಬಹುದಿತ್ತು. ಈಗ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದೂವರೆ ದಿನಕ್ಕೂ ಜಾಸ್ತಿ ಬೇಕು. ಹಳಿ ಸಿಕ್ಕರೆ ಲಂಡನ್ ಕೂಡ ಮೂರು ದಿನದ ದಾರಿ.

ಆದರೆ ಹಳಿ ಸಿಗಬೇಕಲ್ಲ! ದೆಹಲಿಯಿಂದ ಲಾಹೋರ್ ಕಡೆ ಹೋಗುತ್ತಿದ್ದ ಸಂಝೌತಾ ಎಕ್ಸ್‌ಪ್ರೆಸ್ 2019ರಿಂದ ನಿಂತಿದೆ. ಮುಂದೆ ಇರಾನಿನ ಜಾಹೆದಾನ್‌ನಲ್ಲಿ ಹಳಿಯ ಅಳತೆಯೇ ಬದಲು: ಈ ಕಡೆ 1,676 ಮಿ.ಮೀ., ಆ ಕಡೆ 1,435 ಮಿ.ಮೀ. ವಿಮಾನಕ್ಕೆ ಮೇಲಿಂದ ಹಾರಲು ಒಂದು ಅನುಮತಿ ಸಾಕು. ಸಿಗದಿದ್ದರೆ ಸುತ್ತಿಕೊಂಡು ಹೋಗುತ್ತದೆ. ರೈಲಿಗೆ ದಾರಿಯ ಪ್ರತಿ ಸರ್ಕಾರವೂ ದಿನಾ ಗೇಟು ತೆಗೆಯಬೇಕು. ಎಲ್ಲರೂ ತೆಗೆದರು ಅಂದುಕೊಂಡರೂ, ಆ ಲೋಕದಲ್ಲಿ ಹತ್ತಿರವಾಗುವುದು ಯುರೋಪ್. ಅಮೆರಿಕ ದೂರವೇ ಉಳಿಯುತ್ತದೆ. ನಿಮ್ಮ ಮಗ ಇರುವುದು ಅಲ್ಲೇ.

ವಿಮಾನ ಇಲ್ಲದಿದ್ದರೆ ಅವನು ಹೋಗುತ್ತಲೇ ಇರಲಿಲ್ಲ ಅಂತೀರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ಕೆಲಸ ಇರುವ ಕಡೆಗೆ ಜನ ಹೇಗಾದರೂ ಹೋಗುತ್ತಾರೆ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಹಡಗಿನಲ್ಲಿ ಫಿಜಿಗೆ ಕೂಲಿಗೆ ಹೋದರು. ಬಹಳಷ್ಟು ಜನ ಅಲ್ಲೇ ಮಣ್ಣಾದರು. ಮಂಗಳೂರು, ಉಡುಪಿ ಕಡೆಯ ಹಿರಿಯರನ್ನು ಕೇಳಿ, ಬೊಂಬಾಯಿಯಿಂದ ಹಡಗಿನಲ್ಲಿ ಗಲ್ಫ್‌ಗೆ ಹೋದವರ ಕಥೆ ಹೇಳುತ್ತಾರೆ. ನಿಮ್ಮ ಮಗ ಇರುವ ಕ್ಯಾಲಿಫೋರ್ನಿಯಾಗೇ 20ನೇ ಶತಮಾನದ ಶುರುವಿನಲ್ಲಿ ಪಂಜಾಬಿನ ರೈತರು ಹಡಗಿನಲ್ಲಿ ಹೋಗಿ ಇಳಿದಿದ್ದರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕಾನೂನು ಬಿಡಲಿಲ್ಲ, ಊರಿಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವ ಭಯ. ಎಷ್ಟೋ ಜನ ಅಲ್ಲೇ ಮೆಕ್ಸಿಕೊ ಮೂಲದ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು.

ಹಾಗಾಗಿ ವಿಮಾನ ಇಲ್ಲದ ಲೋಕದಲ್ಲೂ ನಿಮ್ಮ ಮಗ ಹೋಗಿರುತ್ತಿದ್ದ. ವಾಪಸ್ ಬರುವುದೇ ಕಷ್ಟವಾಗುತ್ತಿತ್ತು. ಕಂಪನಿ ಕೊಡುವುದು ಎರಡು ಮೂರು ವಾರದ ರಜೆ. ದಾರಿಗೇ ಹೋಗಿ ಬರಲು ಆರು ವಾರ. ಗೌರಿ-ಗಣೇಶ ಹಬ್ಬವನ್ನು ವಿಡಿಯೋ ಕಾಲಿನಲ್ಲೇ ನೋಡಬೇಕಾಗುತ್ತಿತ್ತು. ಫೋನು, ಇಂಟರ್ನೆಟ್ ಓಡುವುದು ಸಮುದ್ರದಡಿಯ ಕೇಬಲ್ಲಿನಲ್ಲಿ, ಅದಕ್ಕೆ ವಿಮಾನ ಬೇಕಿಲ್ಲ. ಕಹಿ ಮಾತು, ಬೇಸರ ಮಾಡಿಕೊಳ್ಳಬೇಡಿ: ಮನೆಯಲ್ಲಿ ಹೆಚ್ಚುಕಮ್ಮಿಯಾಗಿ ಸುದ್ದಿ ತಿಳಿದ ತಕ್ಷಣ ಹೊರಟರೂ ಅವನು ವೈಕುಂಠ ಸಮಾರಾಧನೆ ಮುಗಿದ ಮೇಲೇ ತಲುಪುತ್ತಿದ್ದ. ವಿಮಾನ ಹಾಳುಗೆಡವಿದ್ದು ಬೇಕಾದಷ್ಟಿದೆ, ಹೊಗೆಯ ಲೆಕ್ಕ ನನಗೂ ಗೊತ್ತು. ಆದರೂ ಈ ಒಂದು ಕಾರಣಕ್ಕೆ ನನ್ನ ಓಟು ವಿಮಾನಕ್ಕೇ.

ಕೊನೆಗೆ ನಿಮ್ಮ ಮಂಡಿನೋವಿನ ಪ್ರಶ್ನೆ. ಹಡಗು ಹಿಡಿಯೋಣ ಅಂದರೆ, ಮದ್ರಾಸಿನಿಂದ ಸಿಂಗಪುರಕ್ಕೆ ಓಡುತ್ತಿದ್ದ ಎಂ.ವಿ. ಚಿದಂಬರಂ ಹಡಗು 1985ರಲ್ಲಿ ಬೆಂಕಿಗೆ ಸಿಕ್ಕಿ ನಿಂತುಹೋಯಿತು. ಬೊಂಬಾಯಿಯ ಹಜ್ ಹಡಗು 1995ಕ್ಕೆ ನಿಂತಿತು. ಸರಕು ಹಡಗಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಒಳಗೆ ಕಡಿದಾದ ಕಬ್ಬಿಣದ ಮೆಟ್ಟಿಲು, ನಿಮ್ಮ ಮಂಡಿಗೆ ಅದು ವಿಮಾನಕ್ಕಿಂತ ದೊಡ್ಡ ಶತ್ರು. ಆದ್ದರಿಂದ ಹೀಗೆ ಮಾಡಿ. ನೇರ ವಿಮಾನ ಬೇಡ, ನಡುವೆ ಒಂದು ಊರಿನಲ್ಲಿ ಇಳಿದು ರಾತ್ರಿ ಮಲಗಿ ಮುಂದೆ ಹೋಗುವ ಟಿಕೆಟ್ ನೋಡಲು ಮಗನಿಗೆ ಹೇಳಿ. ಇಬ್ಬರಿಗೂ ನಡುದಾರಿಯ ಪಕ್ಕದ ಸೀಟೇ ಇರಲಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಸಂಕೋಚ ಬೇಡ, ದೇವನಹಳ್ಳಿಯಲ್ಲಿ ನಡೆಯುವುದು ಜಾಸ್ತಿ ಇದೆ. ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿನಲ್ಲಿ ಹಾಕಿ. ಅಲ್ಲಿ ಇಳಿದಾಗ ಕಸ್ಟಮ್ಸ್‌ನವರು ಕೇಳಿದರೆ ತಿಂಡಿ ತಂದಿದ್ದೇವೆ ಅಂತ ನೇರವಾಗಿ ಹೇಳಿಬಿಡಿ.