ಕನಸಿನಲ್ಲಿ ಎಚ್ಚರ, ಹಗಲಿನಲ್ಲಿ ಮಂಪರು

ಪ್ರಶ್ನೆ: ಕನಸು ಬೀಳುತ್ತಿರುವಾಗಲೇ ಅದು ಕನಸೆಂದು ಅರಿಯುವ ಲೂಸಿಡ್ ಡ್ರೀಮಿಂಗ್ ಅಭ್ಯಾಸಕ್ಕಾಗಿ ದಿನವೂ ನಸುಕಿಗೆ ಮೊದಲೇ ಅಲಾರಂ ಇಟ್ಟು ಏಳುತ್ತಿದ್ದೇನೆ. ಒಂದೆರಡು ಬಾರಿ ಆ ಅನುಭವವೂ ಆಗಿದೆ. ಆದರೆ ಹಗಲೆಲ್ಲ ಮಂಪರು, ಮನೆಯವರ ಮೇಲೆ ಸಿಡುಕು. ಅಭ್ಯಾಸವನ್ನೇ ಬಿಡಬೇಕೇ?

ಉತ್ತರ: ಅಭ್ಯಾಸವನ್ನು ಬಿಡಬೇಕಾಗಿಲ್ಲ, ದಿನನಿತ್ಯದ ಅಲಾರಂ ಮಾತ್ರ ಇಂದೇ ನಿಲ್ಲಲಿ. ನಿಮಗಾದ ಅನುಭವ ನಿಜವಾದದ್ದೇ. ಕನಸುಗಳು ದಟ್ಟವಾಗಿ ಬೀಳುವ ರೆಮ್ ನಿದ್ದೆಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡಿದ್ದರೂ ಕಣ್ಣುಗಳು ಚಲಿಸುತ್ತಿರುತ್ತವೆ; ಆದ್ದರಿಂದಲೇ 1975ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿ ಕೀತ್ ಹರ್ನ್ ಅವರಿಗೆ, ಮಲಗಿದ್ದ ವ್ಯಕ್ತಿಯೊಬ್ಬ ಕನಸಿನೊಳಗಿನಿಂದಲೇ, ಮೊದಲೇ ಮಾತಾಡಿಕೊಂಡಿದ್ದಂತೆ, ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಿ ಕೊಟ್ಟ ಸಂಕೇತವನ್ನು ಯಂತ್ರದಲ್ಲಿ ದಾಖಲಿಸಲು ಸಾಧ್ಯವಾಯಿತು.

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷಗಳಿರುವ ರೆಮ್ ಹಂತವು ಬೆಳಗಾಗುತ್ತ ದೀರ್ಘವಾಗುತ್ತ ಹೋಗುತ್ತದೆ. ತಡವಾಗಿ ಮಲಗಿ ಬೇಗ ಏಳುವವರು ಕಳೆದುಕೊಳ್ಳುವುದು ಹೆಚ್ಚಾಗಿ ಈ ಕೊನೆಯ ಪಾಲನ್ನೇ, ಅಂದರೆ ನೀವು ಅರಸುತ್ತಿರುವ ಕನಸುಗಳನ್ನೇ. ಹಾಗಾಗಿ ರಾತ್ರಿ ಬೇಗ ಮಲಗುವುದೇ ನನ್ನ ದೃಷ್ಟಿಯಲ್ಲಿ ಮೊದಲ ಸಾಧನೆ. ಮರುದಿನ ರಜೆಯಿದ್ದಾಗ, ವಾರಕ್ಕೊಮ್ಮೆ ಮಾತ್ರ, ಐದು ಗಂಟೆ ನಿದ್ದೆಯಾದ ಮೇಲೆ ಎದ್ದು, ‘ಇನ್ನು ಕನಸು ಬಿದ್ದಾಗ ಅದು ಕನಸೆಂಬುದನ್ನು ನೆನಪಿಸಿಕೊಳ್ಳುತ್ತೇನೆ’ ಎಂದು ಮನಸ್ಸಿಟ್ಟು ಹೇಳಿಕೊಂಡು ಮತ್ತೆ ಮಲಗಿ. ಬೆಳಿಗ್ಗೆ ನಿದ್ದೆ ತಾನಾಗಿ ಮುಗಿಯಲಿ.

ಉಳಿದ ಅಭ್ಯಾಸ ಹಗಲಿನದು. ಎಚ್ಚರವಾದೊಡನೆ ಮಗ್ಗುಲು ಬದಲಿಸದೆ ಕನಸನ್ನು ನೆನೆದು, ಬಳಿಕ ನಾಲ್ಕು ಸಾಲು ಬರೆದಿಡಿ; ಮರಳಿ ಮರಳಿ ಬರುವ ಜಾಗ, ಮುಖಗಳು ಕ್ರಮೇಣ ಗುರುತಾಗುತ್ತವೆ. ದಿನದಲ್ಲಿ ಕೆಲವು ಸಲ ಅಚ್ಚಾದ ಒಂದು ಸಾಲನ್ನು ಓದಿ, ದೃಷ್ಟಿ ತೆಗೆದು, ಮತ್ತೆ ಓದಿ. ಕನಸಿನಲ್ಲಾದರೆ ಅಕ್ಷರಗಳು ಹೆಚ್ಚಾಗಿ ಬದಲಾಗಿರುತ್ತವೆ. ‘ಇದು ಕನಸಿರಬಹುದೇ’ ಎಂದು ನಿಜವಾಗಿ ಸಂಶಯಪಟ್ಟು ನೋಡಿದರಷ್ಟೇ ಈ ರೂಢಿ ಕನಸಿಗೂ ಇಳಿಯುತ್ತದೆ.

ನಿಮ್ಮ ಸಿಡುಕಿಗೆ ನಿದ್ದೆಗೇಡೇ ಕಾರಣವಾಗಿದ್ದರೆ ಕೆಲವು ದಿನಗಳ ಪೂರ್ಣ ನಿದ್ದೆಯಿಂದ ಅದು ತಗ್ಗಬೇಕು. ಹಾಗಾಗದೆ, ಹಗಲಿನ ಕೆಲಸ, ಜನರೆಲ್ಲ ನೀರಸವೆನಿಸಿ ಮಲಗುವ ಹೊತ್ತನ್ನೇ ಕಾಯುವಂತಾದರೆ ಅಥವಾ ಎಚ್ಚರದಲ್ಲೂ ಯಾವುದು ನಿಜವೆಂಬ ಗೊಂದಲ ಮೂಡಿದರೆ, ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ ಮನೋವೈದ್ಯರನ್ನು ಕಾಣಿರಿ.